ರುಚಿ ನೋಡಿದ್ದು ಬಿಟ್ಟರೆ

ಆಸ್ಪತ್ರೆಯಲ್ಲಿ ಲಿವರ್ ಟೆಸ್ಟಿನ ಎತ್ತರದ ಮಂಚದ ಮೇಲೆ ಅಂಗಾತ ಮಲಗಿ, ಅಂಗಿಯನ್ನು ಎದೆಯವರೆಗೆ ಸರಿಸಿ, ಬಲಗೈಯನ್ನು ತಲೆಯ ಹಿಂದೆ ಮಡಚಿಟ್ಟುಕೊಂಡಿದ್ದ ಕಾಂತಪ್ಪ ಯಾರೂ ಹೇಳದಿದ್ದರೂ ಹೊಟ್ಟೆಯನ್ನು ಒಳಗೆಳೆದುಕೊಂಡಿದ್ದ. ಮುಂಬೈಯ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಸ್ವಂತ ಹೋಟೆಲು ನಡೆಸುವ, ಊರಿನವರ ಸಂಘದ ಸಭೆಗಳಲ್ಲಿ ಶಾಲು ಹೊದೆಸಿಕೊಳ್ಳುವ ಮನುಷ್ಯ ಮಗಳ ವಯಸ್ಸಿನ ಹುಡುಗಿಯ ಎದುರು ಹೊಟ್ಟೆ ಬಿಟ್ಟುಕೊಂಡು ಮಲಗುವುದು ಮರ್ಯಾದೆಯಲ್ಲ ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಇನ್ನೂ ನಾಚಿಕೆಗೇಡಿನದು. ಹೊಟ್ಟೆ ಚಿಕ್ಕದಾಗಿ ಕಂಡರೆ ಯಂತ್ರಕ್ಕೂ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದೀತು ಎಂದು ಅವನಿಗೆ ಅನ್ನಿಸಿತ್ತು. "ಅಂಕಲ್, ಪೇಟ್ ಢೀಲಾ ಛೋಡೋ" ಎಂದಳು ಹುಡುಗಿ. ಬಿಟ್ಟ. ಹೊಟ್ಟೆ ಎರಡೂ ಬದಿಗೆ ಆರಾಮವಾಗಿ ಹರಡಿಕೊಂಡಿತು. ಅವಳು ಪಕ್ಕೆಲುಬುಗಳ ನಡುವೆ ತಣ್ಣಗಿನ ಲೋಳೆಯಂಥದ್ದನ್ನು ಸವರಿ, ಸಣ್ಣ ಕೊಳವೆಯನ್ನು ಒತ್ತಿ ಹಿಡಿದಳು. ಯಂತ್ರ ಟಕ್ ಟಕ್ ಎಂದು ಪಕ್ಕೆಗೆ ತಟ್ಟತೊಡಗಿತು, ಚಾಳಿನಲ್ಲಿ ಬಾಡಿಗೆ ಕೇಳಲು ಬಂದವನು ಒಳಗೆ ಜನ ಇದ್ದಾರೆಂದು ಗೊತ್ತಿದ್ದೇ ಬಾಗಿಲು ಬಡಿಯುವಂತೆ. "ಖಾಲಿ ಪೇಟ್ ಹೀ ಆಯೇ ಹೋ ನಾ? ತೀನ್ ಘಂಟೇ ಕುಛ್ ಖಾಯಾ ನಹೀಂ?" ಎಂದು ಅವಳು ಇನ್ನೊಮ್ಮೆ ಕೇಳಿದಳು. "ಬಿಲ್ಕುಲ್ ಖಾಲಿ" ಎಂದು ಕಾಂತಪ್ಪ ಹೇಳುವುದಕ್ಕೂ ಒಳಗಿನಿಂದ ಒಂದು ತೇಗು ಏಳುವುದಕ್ಕೂ ಸರಿಹೋಯಿತು. ಅದನ್ನು ಬಾಯಿ ಮುಚ್ಚಿ ನುಂಗಿದ. ಇಂಗಿನ ವಾಸನೆ ಮೂಗಿನಿಂದ ಹೊರಗೆ ಬಂತು.

ಖಾಲಿ ಹೊಟ್ಟೆ ಎಂದದ್ದು ಸುಳ್ಳಲ್ಲ ಎಂದು ಅವನು ಮಂಚದ ಮೇಲೆಯೇ ವಾದಿಸಿಕೊಂಡ. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ. ರುಚಿ ನೋಡಿದ್ದ, ಅಷ್ಟೆ. ಊರಿನಿಂದ ಬಂದ ಹೊಸದರಲ್ಲಿ ಫೋರ್ಟಿನ ಹೋಟೆಲಿನಲ್ಲಿ ಅವನಿಗೆ ಕೆಲಸ ಕಲಿಸಿದ ಮುದಿ ಯಜಮಾನರು ಹೇಳಿದ್ದರು: ಯಜಮಾನನ ನಾಲಿಗೆ ದಾಟದ ತಿಂಡಿ ಗಿರಾಕಿಯ ತಟ್ಟೆಗೆ ಹೋಗಬಾರದು. ಆ ಒಂದು ಮಾತನ್ನು ಕಾಂತಪ್ಪ ತನ್ನ ಹೋಟೆಲಿನಲ್ಲಿ ದೇವರ ಪೂಜೆಗಿಂತ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದ. ಶಟರು ಎತ್ತುವ ಮೊದಲು ಅಂಗೈಯಲ್ಲಿ ಸಾಂಬಾರು. ಉಪ್ಪು ಸರಿಯೋ ಎಂದು ಅನುಮಾನ ಬಂದರೆ, ಅನುಮಾನ ಬಂದೇ ಬರುತ್ತಿತ್ತು, ಇನ್ನೊಂದು ಸೌಟು, ಅದರಲ್ಲಿ ಅದ್ದಿ ಅರ್ಧ ವಡೆ, ಏಕೆಂದರೆ ವಡೆಯಿಲ್ಲದೆ ಸಾಂಬಾರಿನ ಉಪ್ಪು ಗೊತ್ತಾಗುವುದಿಲ್ಲ. ವಡೆಯ ಉಳಿದರ್ಧ ಚಟ್ನಿಯ ಪರೀಕ್ಷೆಗೆ. ಶೀರಾ ಬಾಣಲೆಯಿಂದ ಇಳಿದ ಕೂಡಲೇ ಒಂದು ಬಟ್ಟಲು, ತುಪ್ಪ ಮೇಲೆ ತೇಲುತ್ತದೋ ಒಳಗೆ ಇಂಗಿದೆಯೋ ನೋಡಲು. ಚಹಾ ಪ್ರತಿ ಪಾತ್ರೆಗೂ ಬೇರೆ, ಆದ್ದರಿಂದ ಪ್ರತಿ ಪಾತ್ರೆಗೂ ಒಂದು ಕಟಿಂಗ್, ಅರ್ಧ ಲೋಟ. ಇದೆಲ್ಲ ನಿಂತುಕೊಂಡು, ಅಂಗೈಯಿಂದಲೋ ಸೌಟಿನಿಂದಲೋ ಆಗುವ ಕೆಲಸ. ತಿನ್ನುವುದೆಂದರೆ ತಟ್ಟೆ ಬೇಕು, ಕೂರಬೇಕು, ನೀರಿನ ಲೋಟ ಬೇಕು. ತಾನು ಹಗಲಿಡೀ ಉಪವಾಸ, ರಾತ್ರಿ ಒಂದೇ ಊಟ ಎಂದು ಅವನು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ, ನಂಬಿಕೊಂಡೂ ಬಂದಿದ್ದ. ಇಷ್ಟು ಕಡಿಮೆ ತಿಂದರೂ ತೂಕ ಏರುವುದನ್ನು ಕಂಡು ಹೆಂಡತಿ ಪ್ರಫುಲ್ಲಾ ಒಮ್ಮೆ, ಗಾಳಿ ಕುಡಿದು ದಪ್ಪಗಾಗುವ ಋಷಿಗಳ ವಂಶ ನಿಮ್ಮದು ಎಂದಿದ್ದಳು. ಅವನು ಅದನ್ನು ಹೊಗಳಿಕೆಯ ಖಾತೆಗೆ ಸೇರಿಸಿಕೊಂಡಿದ್ದ.

ಲೋಳೆ ಒರೆಸಿಕೊಳ್ಳಲು ಹುಡುಗಿ ಕೊಟ್ಟ ತೆಳ್ಳನೆಯ ಕಾಗದ ಹೊಟ್ಟೆಗೇ ಅಂಟಿಕೊಂಡು ಹರಿಯಿತು. ಹೊರಗೆ ಬೆಂಚಿನ ಮೇಲೆ ಕೂತು ಡಾಕ್ಟರ ಕರೆಗೆ ಕಾಯುವಾಗ ಕಾಂತಪ್ಪನ ಎದೆಯಲ್ಲಿ ಇದ್ದದ್ದು ಹೆದರಿಕೆಯಲ್ಲ, ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬರಲಿರುವ ಹುಡುಗನ ಸಡಗರ. ಈ ಲಿವರಿನ ವಿಷಯದಲ್ಲಿ ಅವನಿಗೆ ಹಳೆಯ ಬಿರುದು ಒಂದಿತ್ತು. ಏಳೆಂಟು ವರ್ಷದ ಹಿಂದೆ ಬೀದಿಯ ಕೊನೆಯ ಹಳೇ ಡಾಕ್ಟರು ಹೊಟ್ಟೆಯ ಸೋನೋಗ್ರಫಿ ಮಾಡಿಸಿ, "ದಾರೂ ತೋ ನಹೀಂ ಪೀತೇ ಹೋ. ತೋ ಯೇ ನಾನ್-ಆಲ್ಕೊಹಾಲಿಕ್ ಫ್ಯಾಟಿ ಲಿವರ್ ಡಿಸೀಸ್ ಹೈ" ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಕಾಂತಪ್ಪನ ಕಿವಿಗೆ ಬಿದ್ದದ್ದು ನಾನ್-ಆಲ್ಕೊಹಾಲಿಕ್, ಕುಡಿತದಿಂದ ಬಂದದ್ದಲ್ಲ, ಎಂಬ ಶಬ್ದ ಮಾತ್ರ. ಫ್ಯಾಟಿ, ಲಿವರ್, ಡಿಸೀಸ್ ಎಲ್ಲ ಆ ಶಬ್ದದ ಹಿಂದೆ ಮದುವೆ ದಿಬ್ಬಣದ ಕೊನೆಯಲ್ಲಿ ಬರುವ ಗುರುತಿಲ್ಲದ ನೆಂಟರಂತೆ ಬಂದಿದ್ದವು. ತೂಕ ಇಳಿಸಿ, ಸಕ್ಕರೆ ಕಾಯಿಲೆ ಹಿಡಿತದಲ್ಲಿಡಿ, ನಡೆಯಿರಿ ಎಂದು ಡಾಕ್ಟರು ಹೇಳಿದ್ದರೇನೋ. ಅವನು ಆ ಚೀಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಗಲ್ಲಾದ ಮೇಲಿನ ದೇವರ ಪಟದ ಹಿಂದೆ ಇಟ್ಟುಕೊಂಡ. ಊರಿನಲ್ಲಿ ಅಜ್ಜ ತಾಳೆಮರ ಹತ್ತಿ ಶೇಂದಿ ಇಳಿಸುತ್ತಿದ್ದವರು. ಅದನ್ನು ಯಾರಾದರೂ ನೆನಪಿಸುತ್ತಾರೋ ಎಂಬ ಅಳುಕಿನಲ್ಲೇ ಕಾಂತಪ್ಪ ಸಂಘದ ವ್ಯಸನಮುಕ್ತಿ ಸಮಿತಿಯ ಅಧ್ಯಕ್ಷನಾದದ್ದು. ವಾರ್ಷಿಕೋತ್ಸವದಲ್ಲಿ ಆ ಚೀಟಿಯನ್ನು ಎತ್ತಿ ತೋರಿಸಿ, "ನನ್ನ ಲಿವರಿಗೂ ಕಾಯಿಲೆ ಉಂಟು. ಆದರೆ ಎಂಥ ಕಾಯಿಲೆ? ಓದಿ ನೋಡಿ" ಎಂದು ಭಾಷಣ ಮಾಡಿದ್ದ. ಚಪ್ಪಾಳೆ ಬಿದ್ದಿತ್ತು. ಕಾಯಿಲೆಗೆ ಚಪ್ಪಾಳೆ ಹೊಡೆಸಿಕೊಂಡ ಮೊದಲನೆಯ ಮನುಷ್ಯ ತಾನೇ ಇರಬೇಕು ಎಂದು ಈಗ ಬೆಂಚಿನ ಮೇಲೆ ಅವನಿಗೆ ಹೊಳೆದು, ಒಂದು ಕ್ಷಣ ಕಿವಿ ಬಿಸಿಯಾಯಿತು.

ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಸದಾನಂದ ಕೂತಿದ್ದ. ಸದಾನಂದ ಎಂದರೆ ತಮ್ಮ, ಒಡಹುಟ್ಟಿದವನು, ಕಾಲಾಚೌಕಿಯ ಚಾಳಿನ ಒಂದೇ ಖೋಲಿಯಲ್ಲಿ ಒಂದೇ ಚಾಪೆಯ ಮೇಲೆ ಅವನೊಟ್ಟಿಗೆ ಮಲಗಿ ಬೆಳೆದವನು. ಹೋಟೆಲು ಶುರುವಾದಾಗ ಬೆಳಗಿನ ಗಲ್ಲಾ ಅವನದೇ. ಅವನು ಕುಡಿಯುತ್ತಾನೆ ಎಂದು ಗೊತ್ತಾದ ಮೇಲೆ ಕಾಂತಪ್ಪ ಒಂದು ಪದ್ಧತಿ ಮಾಡಿದ್ದ. ಸಾಂಬಾರು, ಚಟ್ನಿ, ಶೀರಾ, ಚಹಾ ಎಲ್ಲದರ ರುಚಿ ನೋಡಿ ಮುಗಿದ ಮೇಲೆ, ಗಲ್ಲಾದ ಕುರ್ಚಿಯಲ್ಲಿ ಕೂರುವ ಮೊದಲು, ಸದಾನಂದ ಅಣ್ಣನ ಎದುರು ನಿಂತು ಬಾಯಿ ತೆರೆದು ಹಾ ಎಂದು ಊದಬೇಕು. ಅಡುಗೆ ಭಟ್ಟರು, ಪಾತ್ರೆ ತೊಳೆಯುವವರು ಎಲ್ಲ ತಮ್ಮ ಕೆಲಸ ಮಾಡುತ್ತಿರುವವರಂತೆ ನೋಡುತ್ತಿದ್ದರು. ಕಾಂತಪ್ಪ ಮೂಗನ್ನು ಹತ್ತಿರ ಒಯ್ದು, ಕಣ್ಣು ಮುಚ್ಚಿ, ಸಾಂಬಾರಿನ ಇಂಗು ಹದವಾಗಿದೆಯೇ ಎಂದು ನೋಡುವಷ್ಟೇ ಗಂಭೀರವಾಗಿ ಮೂಸುತ್ತಿದ್ದ. ಬಹಳ ದಿನ ವಾಸನೆ ಇರುತ್ತಿರಲಿಲ್ಲ. "ನಾನು ಮುಟ್ಟಿಲ್ಲ ಅಣ್ಣ" ಎಂದು ಸದಾನಂದ ಹೇಳಿದರೆ ಕಾಂತಪ್ಪ ನಿಧಾನವಾಗಿ ತಲೆಯಾಡಿಸುತ್ತಿದ್ದ; ನಂಬಿದೆನೆಂದೂ ಅಲ್ಲ, ಇಲ್ಲವೆಂದೂ ಅಲ್ಲ, ಸುಳ್ಳು ಹೇಳುವವರ ಮೇಲೆ ತನಗೆ ಕನಿಕರವಿದೆ ಎಂಬಂತೆ. ಒಂದು ನವರಾತ್ರಿಯ ಬೆಳಿಗ್ಗೆ ವಾಸನೆ ಇತ್ತು. ಗಿರಾಕಿಗಳ ಎದುರೇ ಕಾಂತಪ್ಪ ಬಾಗಿಲು ತೋರಿಸಿದ. ಅಲ್ಲಿಂದ ಸದಾನಂದ ಬಾಂದ್ರಾದ ಒಂದು ಬಾರಿಗೆ ಸೇರಿ, ವೈಟರಾಗಿ, ಆಮೇಲೆ ವೈಟರುಗಳ ಮೇಲಿನ ಕ್ಯಾಪ್ಟನ್ ಆಗಿ, ಇನ್ನೂ ಹೆಚ್ಚು ಕುಡಿದು, ಕೊನೆಗೆ ಯಾರೂ ಹೇಳದೆ ಕೇಳದೆ ಕುಡಿತ ಬಿಟ್ಟುಬಿಟ್ಟ. ಬಿಟ್ಟು ನಾಲ್ಕು ವರ್ಷವಾಯಿತಂತೆ. ಸಂಜೆಯಿಡೀ ಬಾಟಲಿಗಳ ನಡುವೆ ನಿಂತು ಬಿಡುವುದು ಸಾಮಾನ್ಯವಲ್ಲ ಎಂದು ಪ್ರಫುಲ್ಲಾ ಹೇಳಿದಾಗ, ಅದನ್ನು ನೋಡಿದವರು ಯಾರು ಎಂದು ಕಾಂತಪ್ಪ ಕೇಳಿದ್ದ.

ಅದೇ ಪ್ರಫುಲ್ಲಾಳ ಮೂಲಕ ಈಚೆಗೆ ಸದಾನಂದ ಹೇಳಿ ಕಳಿಸಿದ್ದ. ಬಾರಿನ ಕೆಲಸ ಇನ್ನು ಸಾಕು, ಆ ವಾಸನೆಯಲ್ಲಿ ನಿಲ್ಲಲು ಆಗುವುದಿಲ್ಲ, ಬೆಳಗಿನ ಗಲ್ಲಾದಲ್ಲಿ ಅಣ್ಣ ಮತ್ತೆ ಕೂರಿಸಿಕೊಳ್ಳುತ್ತಾರೋ ಕೇಳಿ ಎಂದು. ಕಾಂತಪ್ಪ ತಕ್ಷಣ ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುವುದು ಸಣ್ಣತನ. ಅವನು ಹೇಳಿದ್ದು ದೊಡ್ಡ ಮನುಷ್ಯರು ಹೇಳುವ ಮಾತು: "ಅವನು ಲಿವರ್ ಟೆಸ್ಟ್ ಮಾಡಿಸಿಕೊಂಡು ರಿಪೋರ್ಟ್ ತರಲಿ. ಅದರಲ್ಲಿ ನಾನ್-ಆಲ್ಕೊಹಾಲಿಕ್ ಅಂತ ಇದ್ದರೆ ಮತ್ತೆ ಮಾತು." ಬಾಯಿ ಊದಿಸುವುದಕ್ಕಿಂತ ಇದು ಆಧುನಿಕ ಪದ್ಧತಿ ಎಂದು ಅವನಿಗೆ ಸಮಾಧಾನವಾಗಿತ್ತು. ಮಗಳು ಯಕ್ಷಿತಾ ಊಟದ ತಟ್ಟೆಯಿಂದ ತಲೆಯೆತ್ತಿ, "ಪಪ್ಪಾ, ಚಿಕ್ಕಪ್ಪಂಗೆ ಬೋಲ್ತೆ ಹೋ ತೋ ನೀವೂ ಮಾಡಿಸಿ ನಾ. ಫೇರ್ ಇರ್ಬೇಕು" ಎಂದಿದ್ದಳು. ಅವಳೇ ಫೋನಿನಲ್ಲಿ ಇಬ್ಬರಿಗೂ ಬಾಂದ್ರಾದ ಈ ಆಸ್ಪತ್ರೆಯಲ್ಲಿ ಟೆಸ್ಟು ಗೊತ್ತುಮಾಡಿದ್ದಳು. ಕಾಂತಪ್ಪ ಸಂತೋಷದಿಂದ ಒಪ್ಪಿದ್ದ. ಓಟದಲ್ಲಿ ಕುಂಟನ ಜೊತೆ ಓಡಲು ಯಾರಿಗೆ ಬೇಸರ?

ಒಳಗೆ ಕರೆದರು. ಡಾಕ್ಟರು ಮೂವತ್ತೈದರ ಹೆಂಗಸು, ಹೆಸರು ಶಿವಕುಮಾರಿ ಎಂದು ಬಾಗಿಲ ಮೇಲಿತ್ತು. ಕಾಂತಪ್ಪನ ಹಿಂದಿಯ ಎರಡು ವಾಕ್ಯ ಕೇಳಿ ಅವಳು ನಕ್ಕಳು. "ಕನ್ನಡದಾಗ ಮಾತಾಡ್ರಿ. ನಮ್ಮದು ಇಂಡಿ, ವಿಜಾಪುರ ಜಿಲ್ಲಾ." ಕಾಂತಪ್ಪನಿಗೆ ಸ್ವಲ್ಪ ಇರುಸುಮುರುಸಾಯಿತು. ಮುಂಬೈಯಲ್ಲಿ ಇಷ್ಟು ವರ್ಷ ಕಳೆದರೂ ಅವನ ತಲೆಯಲ್ಲಿ ವಿಜಾಪುರದ ಕಡೆಯವರೆಂದರೆ ಬಿಲ್ಡಿಂಗ್ ಕಟ್ಟುವವರು, ರಸ್ತೆ ಅಗೆಯುವವರು, ಮಧ್ಯಾಹ್ನ ಹೋಟೆಲಿಗೆ ಬಂದು ಎರಡನೇ ಸಲ ಸಾಂಬಾರು ಕೇಳುವವರು. ಅವರಲ್ಲೊಬ್ಬಳು ತನ್ನ ಲಿವರನ್ನು ಕಂಪ್ಯೂಟರಿನಲ್ಲಿ ಹರವಿಕೊಂಡು ಕೂತಿದ್ದಾಳೆ.

"ಕುಡೀತೀರೇನ್ರಿ?"

"ಇಲ್ಲ!" ಬೇಕಾದ್ದಕ್ಕಿಂತ ಜೋರಾಗಿ ಬಂತು. "ಜೀವಮಾನದಲ್ಲಿ ಮುಟ್ಟಿದವನಲ್ಲ ಮೇಡಂ."

"ಸಕ್ಕರಿ ಬ್ಯಾನಿ ಅದ, ಬೀಪಿ ಅದ, ತೂಕಾನೂ ಅದ." ಅವಳು ಟೈಪು ಮಾಡುತ್ತಲೇ ಹೇಳಿದಳು. "ಹದಿನಾಲ್ಕು ಬಂದದ ನೋಡ್ರಿ. ಎಂಟರ ಒಳಗ ಇದ್ರ ಚಿಂತಿ ಇಲ್ಲ. ನಿಮ್ಮ ಲಿವರ್ ಗಟ್ಟಿ ಆಗೇದ."

ಗಟ್ಟಿ ಎಂದದ್ದು ಒಂದರೆಗಳಿಗೆ ಅವನಿಗೆ ಖುಷಿ ಕೊಟ್ಟಿತು. ಕಾಂತಪ್ಪ ಗಟ್ಟಿ ಮನುಷ್ಯ ಎಂದು ಸಂಘದಲ್ಲೂ ಹೇಳುತ್ತಿದ್ದರು. ಅವಳ ಮುಖ ನೋಡಿದ ಮೇಲೆ ಖುಷಿ ತಾನಾಗಿಯೇ ಹಿಂದೆ ಸರಿಯಿತು. ಅವಳು ಮುದ್ರಿಸಿ ಕೊಟ್ಟ ಕಾಗದದಲ್ಲಿ ಅವನು ಹದಿನಾಲ್ಕನ್ನು ಹುಡುಕಲಿಲ್ಲ. ಮೇಲಿನ ಸಾಲಿನಲ್ಲಿ ಕಾಯಿಲೆಯ ಹೆಸರನ್ನು ಹುಡುಕಿದ. ಅಲ್ಲಿ ಮೆಟಬಾಲಿಕ್ ಡಿಸ್‌ಫಂಕ್ಷನ್ ಎಂದು ಶುರುವಾಗಿ, ಸ್ಟಿಯಾಟೋಟಿಕ್ ಎಂಬ ಉಚ್ಚಾರಕ್ಕೆ ನಿಲುಕದ್ದೊಂದು ನಡುವೆ ಬಂದು, ಉದ್ದಕ್ಕೆ ಏನೇನೋ ಇತ್ತು. ಬೆರಳಿಟ್ಟು ಎರಡು ಸಲ ಓದಿದ.

"ಮೇಡಂ, ಇದರಲ್ಲಿ ಒಂದು ಶಬ್ದ ಬಿಟ್ಟುಹೋಗಿದೆ."

"ಯಾವುದ್ರಿ?"

"ನಾನ್-ಆಲ್ಕೊಹಾಲಿಕ್."

"ಬಿಟ್ಟುಹೋಗಿಲ್ಲ, ತಗದಾರ. ಈಗೊಂದೆರಡು ಮೂರು ವರ್ಷ ಆತು, ದೇಶ ವಿದೇಶದ ಡಾಕ್ಟರು ಕೂಡಿ ಹೆಸರ ಬದಲ್ ಮಾಡ್ಯಾರ."

"ಯಾಕೆ?" ಎಂದು ಕೇಳುವಾಗ ಅವನ ದನಿ, ಸಂಘದ ಗೋಡೆಯ ಮೇಲಿನ ದಾನಿಗಳ ಕಲ್ಲಿನಿಂದ ಯಾರೋ ತನ್ನ ಹೆಸರನ್ನು ಕೆತ್ತಿ ತೆಗೆದಂತೆ ಇತ್ತು.

"ಮತ್ತೇನ್ರಿ, ಹಳೇ ಹೆಸರು ಏನಲ್ಲ ಅನ್ನೂದನ್ನ ಹೇಳ್ತಿತ್ತು, ಏನದ ಅನ್ನೂದನ್ನ ಹೇಳ್ತಿದ್ದಿಲ್ಲ. ಮಂದಿ ನಿಮ್ಮಂಗ, ನಾ ಕುಡಿಯೂದಿಲ್ಲ, ನನಗೇನ ಆಗತದ ಅಂತ ಆರಾಮ ಕುಂದರ್ತಿದ್ರು. ಈಗಿನ ಹೆಸರು ಮೂಲಾನ ಹೇಳತದ. ಸಕ್ಕರಿ, ಬೀಪಿ, ಬೊಜ್ಜು, ಇವೆಲ್ಲಾ ಸೇರಿ ಲಿವರಿಗೆ ತಂದದ್ದು. ಈಗ ಕುಡದವರು, ಕುಡೀದವರು, ಎಲ್ಲಾರೂ ಒಂದ ಚಾಳಿನ್ಯಾಗ. ಖೋಲಿ ಬ್ಯಾರೆ ಬ್ಯಾರೆ, ಅಷ್ಟ."

"ಫ್ಯಾಟಿ ಅಂತಲೂ ಇಲ್ಲ."

"ಅದನ್ನೂ ತಗದಾರ. ಕೇಳಿದವರಿಗೆ ನಾಚಿಕಿ ಆಗತದಂತ."

ತನಗೆ ಫ್ಯಾಟಿಯಿಂದ ಎಂದೂ ನಾಚಿಕೆಯಾಗಿರಲಿಲ್ಲ, ಬೇಕಾದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಲಿ, ಇನ್ನೊಂದನ್ನು ಯಾಕೆ ತೆಗೆಯಬೇಕಿತ್ತು ಎಂದು ಕಾಂತಪ್ಪನಿಗೆ ನಿಜವಾಗಿಯೂ ದುಃಖವಾಯಿತು. ದೇಶ ವಿದೇಶದ ಅಷ್ಟು ಜನ ಡಾಕ್ಟರು ಸೇರಿದ ಕಡೆ ಕುಡಿಯದವನ ಪರವಾಗಿ ಒಬ್ಬನೂ ಮಾತಾಡಲಿಲ್ಲವೇ? ಅವನು ಮೇಜಿನ ಮೇಲೆ ಬಗ್ಗಿ, ಸಾಲ ಕೇಳುವವನಂತೆ ದನಿ ಇಳಿಸಿದ. "ಮೇಡಂ, ಕೆಳಗೆ ಒಂದು ಸಾಲು ಬರೆದುಕೊಡಿ. ಈ ಪೇಷಂಟ್ ಕುಡಿಯುವವರಲ್ಲ ಅಂತ. ನಿಮ್ಮ ಸಹಿ ಇದ್ದರೆ ಸಾಕು."

ಡಾಕ್ಟರು ಕುರ್ಚಿಗೆ ಒರಗಿ ನಕ್ಕುಬಿಟ್ಟಳು. "ಏನ್ರಿ ಇವತ್ತ! ಈಗ ನಿಮಗಿಂತ ಮೊದಲ ಒಬ್ರು ಬಂದಿದ್ರು, ನಿಮ್ಮ ಕಡೇಯವರ. ಅವರೂ ಇದನ್ನ ಬೇಡಿದ್ರು. ನಾ ಇಲ್ಲಿ ನಡತಿ ಸರ್ಟಿಫಿಕೇಟ್ ಕೊಡಾಕ ಕುಂತೀನೇನು? ನೀವು ಹೇಳಿದ್ದು ನಮ್ಮ ಕಂಪ್ಯೂಟರ್‌ನ್ಯಾಗ ಬರದೀನಿ. ಅದು ನನ್ನ ಕೆಲಸಕ್ಕ ಬೇಕಾದದ್ದು, ಮಂದಿಗೆ ತೋರಸಾಕ ಅಲ್ಲ." ಆಮೇಲೆ ನಗು ನಿಲ್ಲಿಸಿ ಕೇಳಿದಳು. "ಖಾಲಿ ಹೊಟ್ಟಿಲೆ ಬಂದೀರಿಲ್ಲೋ? ತಿಂದು ಬಂದ್ರ ನಂಬರ್ ಹೆಚ್ಚ ತೋರಸತದ."

"ಖಾಲಿಯೇ. ರುಚಿ ನೋಡಿದ್ದು ಬಿಟ್ಟರೆ ಏನೂ ಇಲ್ಲ."

"ರುಚಿ ಅಂದ್ರ?"

ಅವನು ಹೇಳಿದ. ಸಾಂಬಾರಿನಿಂದ ಶುರುಮಾಡಿ ಹೇಳಿದ. ವಡೆಯ ಅರ್ಧ ಏಕೆ ಬೇಕಾಗುತ್ತದೆ, ಉಳಿದರ್ಧ ಏಕೆ ಉಳಿಯಬಾರದು, ತುಪ್ಪ ಇಂಗಿದ ಶೀರಾಕ್ಕೂ ತೇಲುವ ಶೀರಾಕ್ಕೂ ಏನು ವ್ಯತ್ಯಾಸ. ಹೇಳುತ್ತ ಹೋದಂತೆ, ಈ ಬಿಳಿ ಗೋಡೆಯ ಕೋಣೆಯಲ್ಲಿ, ಮೂವತ್ತು ವರ್ಷದ ತನ್ನ ಉಪವಾಸ ಒಂದೊಂದೇ ಬಟ್ಟಲಾಗಿ ಮೇಜಿನ ಮೇಲೆ ಬಂದು ಕೂರುತ್ತಿರುವುದು ಅವನಿಗೇ ಕಂಡಿತು. ಚಹಾದ ಪಾತ್ರೆಗಳಿಗೆ ಬಂದಾಗ ಮಾತು ತಾನಾಗಿ ಸಣ್ಣದಾಯಿತು. ಡಾಕ್ಟರು ಪೆನ್ನು ಕೆಳಗಿಟ್ಟಳು.

"ಟೆಸ್ಟ್ ಇನ್ನೊಮ್ಮೆ ಮಾಡಸೂಣ. ಆದ್ರ ಖರೇ ಹೇಳ್ತೀನಿ, ಭಾಳ ಕಮ್ಮಿ ಬರತದಂತ ತಿಳ್ಕೋಬ್ಯಾಡ್ರಿ. ನಿಮ್ಮ ರಕ್ತದ ರಿಪೋರ್ಟೂ ಅದನ್ನ ಹೇಳಾಕತ್ತದ. ಹಿಂಗ ಬಿಟ್ರ ಸಿರೋಸಿಸ್ ಆಗತದ."

ಸಿರೋಸಿಸ್. ಆ ಶಬ್ದ ಅವನಿಗೆ ಗೊತ್ತಿತ್ತು. ವೇದಿಕೆಯ ಮೇಲೆ ಮೈಕಿನಲ್ಲಿ ಎಷ್ಟೋ ಸಲ ಅದನ್ನು ಕುಡುಕರ ಕಡೆಗೆ ಎಸೆದಿದ್ದ, ಹಿಂದಿನ ಸಾಲಿನ ಕಡೆಗೆ, ಗುರಿಯಿಟ್ಟು. ಅದು ಒಂದು ಸುತ್ತು ಹೊಡೆದು ಬಂದು ತನ್ನ ಪಕ್ಕೆಗೆ ತಾಗಿದಾಗ ಅವನಿಗೆ ಹೆದರಿಕೆಯಾಯಿತು. ಸಾಯುವ ಹೆದರಿಕೆ, ಬೇರೆ ಯಾವ ಅಲಂಕಾರವೂ ಇಲ್ಲದ್ದು.

"ಏನು ಮಾಡಬೇಕು ಮೇಡಂ?"

"ಮುಂಜಾನೆದ್ದು ನಡೀಬೇಕು. ತೂಕ ಇಳೀಬೇಕು. ಸಕ್ಕರಿ ಗುಳಿಗಿ ಬದಲ್ ಮಾಡ್ತೀನಿ. ಮತ್ತ ಈ ರುಚಿ ನೋಡೂದು ಬಂದ್."

"ಹೋಟೆಲಿನಲ್ಲಿ ಕೂತರೆ ಅದು ಬಂದ್ ಆಗುವುದಿಲ್ಲ."

"ಹಂಗಾರ ಕೂಡಬ್ಯಾಡ್ರಿ. ಬ್ಯಾರೆಯವರು ಕೂಡಲಿ. ಮನ್ಯಾಗ ಯಾರೂ ಇಲ್ಲೇನು?"

"ತಮ್ಮ ಇದ್ದಾನೆ" ಎಂದ ಕಾಂತಪ್ಪ. ಹೇಳಿದ ಮೇಲೆ ತಾನೇ ಬೆಚ್ಚಿದ. ಬಹಳ ವರ್ಷ ಯಾರಾದರೂ ಕೇಳಿದರೆ, ಒಬ್ಬ ಇದ್ದ, ಎಂದು ಹೇಳಿ ರೂಢಿಯಾಗಿತ್ತು.

"ಮತ್ತೇನು!" ಎಂದಳು ಡಾಕ್ಟರು, ಎಲ್ಲ ಬಗೆಹರಿದಂತೆ. ಮುಂದಿನವರನ್ನು ಕರೆಯಲು ಗಂಟೆ ಒತ್ತಿದಳು.

ಹೊರಗೆ ಹಾಲಿನಲ್ಲಿ ಜನ ತುಂಬಿದ್ದರು. ಫೋನಿನಲ್ಲಿ ಯಕ್ಷಿತಾಳ ಸಂದೇಶ: ಪಪ್ಪಾ, ರಿಪೋರ್ಟ್ ಕಾ ಫೋಟೋ ಭೇಜೋ. ಕಾಂತಪ್ಪ ಕಾಗದವನ್ನು ತೊಡೆಯ ಮೇಲಿಟ್ಟು ಫೋಟೋ ತೆಗೆದ. ನೋಡಿದರೆ ಹದಿನಾಲ್ಕು ಇರಬೇಕಾದ ಕಡೆ ಅವನ ಹೆಬ್ಬೆರಳು ಬಂದಿತ್ತು. ಇನ್ನೊಂದು ತೆಗೆದ. ಅದರಲ್ಲೂ ಬಂದಿತ್ತು. ಹೆಬ್ಬೆರಳಿಗೆ ತನ್ನದೇ ಒಂದು ಮರ್ಯಾದೆಯ ಪ್ರಶ್ನೆ ಇರಬೇಕೆಂದು ಫೋನನ್ನು ಕಿಸೆಗೆ ಹಾಕಿಕೊಂಡ. ಗಲ್ಲಾದ ವಿಷಯ ಈಗ ಹೇಗೆ ಹೇಳುವುದು ಎಂದು ಯೋಚಿಸಿದ. ಸದಾನಂದನನ್ನು ಮನೆಗೆ ಕರೆಸಬೇಕು. ಪ್ರಫುಲ್ಲಾ ಎದುರಿಗಿರಬೇಕು. ಆಗಿದ್ದು ಆಗಿಹೋಯಿತು, ರಕ್ತ ನೀರಾಗುತ್ತದೆಯೇ, ನಾಳೆಯಿಂದ ಬಾ, ಎಂದು ಹೆಗಲ ಮೇಲೆ ಕೈಯಿಡಬೇಕು. ಡಾಕ್ಟರು ಹೇಳಿದ್ದನ್ನು ಹೇಳಬೇಕಾಗಿಲ್ಲ. ಲಿವರು ಕೆಟ್ಟರೂ ಔದಾರ್ಯ ಕೆಡಬಾರದು. ಆ ದೃಶ್ಯದಲ್ಲಿ ತಾನು ಎಷ್ಟು ಚೆನ್ನಾಗಿ ಕಾಣುತ್ತೇನೆಂದರೆ, ಒಂದೆರಡು ನಿಮಿಷ ಸಿರೋಸಿಸ್ ಕೂಡ ಮರೆತುಹೋಯಿತು.

"ಅಣ್ಣ."

ಸದಾನಂದ ಎದುರಿಗೆ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೆಳ್ಳಗಿನ ಮೈ, ಹಣೆಯ ಕೂದಲು ಹಿಂದೆ ಸರಿದಿತ್ತು. ಪಕ್ಕದ ಕುರ್ಚಿ ಖಾಲಿಯಿದ್ದರೂ ಕೂರಲಿಲ್ಲ. ವರ್ಷಗಟ್ಟಲೆ ಗಿರಾಕಿಗಳ ಮೇಜಿನ ಬಳಿ ನಿಂತವನ ನಿಲುವು ಅದು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದ. ಬೇರೆಯವರು ನೋಡಿದರೆ ಕೆಮ್ಮು ಬಂದಿರಬೇಕು ಅಂದುಕೊಳ್ಳಬೇಕು. ಕಾಂತಪ್ಪನಿಗೆ ಗೊತ್ತಿತ್ತು. ಕುಡಿತ ಬಿಟ್ಟ ಮೇಲೂ ತಮ್ಮನ ಕೈ ತನ್ನ ಮೂಗನ್ನು ಮರೆತಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ನೆಲ ನೋಡಿದ.

"ನೀವು ಹೇಳಿದ್ದಿರಲ್ಲ, ರಿಪೋರ್ಟ್ ತರ್ಲಿಕ್ಕೆ" ಎಂದ ಸದಾನಂದ. ಒಂದು ಕಾಲದಲ್ಲಿ ನೀನು ಎನ್ನುತ್ತಿದ್ದವನು, ಬಾಗಿಲು ತೋರಿಸಿದ ಮೇಲೆ ನೀವು ಎನ್ನತೊಡಗಿದ್ದ. "ಇವತ್ತು ಸಿಕ್ಕಿತು. ಆದರೆ ನೀವು ಹೇಳಿದ ಶಬ್ದ ಇದರಲ್ಲಿ ಇಲ್ಲ. ನಾನು ಡಾಕ್ಟ್ರತ್ರ ಕೇಳಿದೆ, ಒಂದು ಸಾಲು ಬರೆದುಕೊಡಿ ಅಂತ. ಅವರು ನಗಾಡಿದ್ರು. ಹೆಸರು ಬದಲಾಗಿದೆಯಂತೆ. ನಾನು ನೆವ ಹೇಳುವುದಲ್ಲ ಅಣ್ಣ, ಬೇಕಾದರೆ ನೀವೇ ಒಳಗೆ ಹೋಗಿ ಕೇಳಿ."

ಡಾಕ್ಟರು ಹೇಳಿದ ಆ 'ನಿಮ್ಮ ಕಡೆಯವರು' ಯಾರೆಂದು ಕಾಂತಪ್ಪನಿಗೆ ಆಗ ತಿಳಿಯಿತು. ಒಂದೇ ಮೇಜಿನ ಎದುರು, ಒಬ್ಬರ ಹಿಂದೆ ಒಬ್ಬರು ಅಣ್ಣ ತಮ್ಮ ಹೋಗಿ, ಒಂದೇ ಭಿಕ್ಷೆ ಬೇಡಿ, ಇಬ್ಬರೂ ಬರಿಗೈಯಲ್ಲಿ ಬಂದಿದ್ದರು. ತಮ್ಮ ಬೇಡಿದ್ದು ಅಣ್ಣನ ಹೆದರಿಕೆಗೆ; ಅಣ್ಣ ಬೇಡಿದ್ದು ಯಾವುದಕ್ಕೆ? ಅವನು ಸದಾನಂದನ ಕಾಗದ ತೆಗೆದುಕೊಂಡ. ಮೇಲೆ ಅದೇ ಉದ್ದನೆಯ ಹೆಸರು. ಕೆಳಗೆ ಏಳು ಎಂದಿತ್ತು. "ಆಯಿತು, ನೋಡೋಣ" ಎಂದು ಅವನ ಬಾಯಿ ಅಭ್ಯಾಸಬಲದಿಂದ ಆಗಲೇ ಹೇಳಿಬಿಟ್ಟಿತ್ತು. ಸದಾನಂದ ತಲೆ ಬಗ್ಗಿಸಿ ಕಾಗದ ವಾಪಸು ಕೇಳುವಂತೆ ಕೈ ಚಾಚಿದ. ಆ ಕೈಗೆ ಕಾಂತಪ್ಪ ತನ್ನ ರಿಪೋರ್ಟನ್ನು ಇಟ್ಟ. ಏನೋ ಹೇಳಬೇಕೆಂದಿದ್ದ, ಹೊಳೆಯಲಿಲ್ಲ. ಹೇಳದಿದ್ದದ್ದೇ ಘನವಾಗಿ ಕಂಡಿತು ಅವನಿಗೆ. ಅಂಥ ಹೊತ್ತಿನಲ್ಲೂ ಒಂದು ಕಣ್ಣು ತನ್ನನ್ನೇ ಮೆಚ್ಚಿ ನೋಡುತ್ತಿತ್ತು.

ಸದಾನಂದ ಓದಿದ. ಇನ್ನೊಮ್ಮೆ ಓದಿ, ಹಾಳೆಯ ಮೇಲಿನ ಹೆಸರು ಅಣ್ಣನದೇ ಹೌದೋ ಎಂದು ನೋಡಿದ. ಅವನ ಮುಖದಿಂದ ಬಣ್ಣ ಇಳಿಯಿತು. ಗೆದ್ದವನ ಮುಖ ಅದಾಗಿರಲಿಲ್ಲ. ಅಣ್ಣನ ತೋಳು ಹಿಡಿದು ಎಬ್ಬಿಸಿ, ಕುಡಿಯುವ ನೀರಿನ ಯಂತ್ರದ ಹಿಂದಿನ ಮೂಲೆಗೆ ಕರೆದೊಯ್ದ. ಬಾಯಿಯ ಮೇಲಿನ ಕೈ ಯಾವಾಗ ಕೆಳಗೆ ಹೋಯಿತೋ ಅವನಿಗೂ ಗೊತ್ತಾಗಲಿಲ್ಲ.

"ಅಣ್ಣ, ಯಾವಾಗಿನಿಂದ?"

"ಎಂತದು?"

"ಕುಡೀಲಿಕ್ಕೆ ಶುರು ಮಾಡಿದ್ದು." ದನಿ ಪಿಸುಗುಟ್ಟುವಷ್ಟು ಸಣ್ಣದು, ಕಣ್ಣು ತುಂಬಿತ್ತು. "ನನ್ನತ್ರ ಹೇಳು. ಅತ್ತಿಗೆಗೆ ಹೇಳುವುದಿಲ್ಲ. ಸಂಘದಲ್ಲಿ ಸಹ ಒಂದು ನರಪಿಳ್ಳೆಗೂ ಗೊತ್ತಾಗ್ಲಿಕ್ಕಿಲ್ಲ. ನನಗೆ ಏಳು, ನಿನಗೆ ಹದಿನಾಲ್ಕು ಅಂದರೆ ಎಷ್ಟು ಕುಡೀತಿದ್ದಿ ಮಾರಾಯ ನೀನು? ಬಿಡ್ಲಿಕ್ಕೆ ಆಗ್ತದೆ ಅಣ್ಣ. ನನ್ನಂಥವನಿಗೇ ಆಯ್ತಲ್ಲ."

"ಇಲ್ಲ ಸದಾ. ನಾನು ಮುಟ್ಟಿದವನೇ ಅಲ್ಲ. ಇದು ಅದಲ್ಲ, ಇದು ಬೇರೆ, ಹೆಸರು ಮಾತ್ರ..." ಕಾಂತಪ್ಪ ನಿಲ್ಲಿಸಿದ. ತನ್ನ ಬಾಯಲ್ಲಿ ಬರುತ್ತಿದ್ದದ್ದು ಸದಾನಂದನ ಹಳೆಯ ಮಾತು, ಅದೇ ಅವಸರ, ಅದೇ ತಡವರಿಕೆ. ಸದಾನಂದ ನಿಧಾನವಾಗಿ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ಕಾಂತಪ್ಪ ಎಲ್ಲಿ ಕಂಡರೂ ಗುರುತಿಸಬಲ್ಲವನಾಗಿದ್ದ. ನಂಬಿದೆನೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ತನ್ನದೇ ಸರಕು. ಹೊರಗಿನಿಂದ ನೋಡಿದರೆ ಅದು ಹೇಗಿರುತ್ತದೆ ಎಂದು ಮಾತ್ರ ಇಷ್ಟು ವರ್ಷ ಗೊತ್ತಿರಲಿಲ್ಲ. ಕೈಯಲ್ಲಿ ಕಾಗದವಿತ್ತು, ಕಾಗದದಲ್ಲಿ ಶಬ್ದವಿರಲಿಲ್ಲ. ದೇವರ ಪಟದ ಹಿಂದಿನ ಚೀಟಿ ಇಲ್ಲಿಂದ ಎರಡು ಸ್ಟೇಷನ್ ದೂರದಲ್ಲಿತ್ತು. ತಾನು ಕುಡಿದವನಲ್ಲ ಎಂದು ತೋರಿಸಲು ಈ ಭೂಮಿಯ ಮೇಲೆ ಅವನಲ್ಲಿ ಉಳಿದದ್ದು ಒಂದೇ ಒಂದು ಸಾಕ್ಷಿ. ಅದನ್ನು ಕಂಡುಹಿಡಿದವನೂ ಅವನೇ. ಕಾಂತಪ್ಪ ತಮ್ಮನ ಮುಖದ ಹತ್ತಿರಕ್ಕೆ ಬಗ್ಗಿ, ಬಾಯಿ ಅಗಲವಾಗಿ ತೆರೆದು, ಕಣ್ಣು ಮುಚ್ಚಿ, "ಹಾ" ಎಂದು ಊದಿದ. ಇಂಗು, ತುಪ್ಪ, ಏಲಕ್ಕಿ, ಹಾಲು ಹಾಕಿದ ಚಹಾ ಎಲ್ಲ ಹೊರಗೆ ಬಂದವು.

"ಮೂಸಿ ನೋಡು" ಎಂದ. "ಮೂಸು ಮಾರಾಯ."

ನೀರು ಹಿಡಿಯಲು ಬಂದ ಹೆಂಗಸೊಬ್ಬಳು ಲೋಟ ಹಿಡಿದುಕೊಂಡು ಹಾಗೇ ನಿಂತಳು. ಸದಾನಂದ ಮೂಸಲಿಲ್ಲ. ಹಿಂದೆಯೂ ಸರಿಯಲಿಲ್ಲ. ಆಗ ತನ್ನ ಬಾಯಿಗೆ ಅಡ್ಡ ಹಿಡಿದಿದ್ದ ಅಂಗೈಯನ್ನು ಎತ್ತಿ ಮೆಲ್ಲನೆ ಅಣ್ಣನ ಬಾಯಿಯ ಮೇಲಿಟ್ಟ. ಎಷ್ಟು ತೊಳೆದರೂ ಹೋಗದ, ಬಾರಿನಲ್ಲಿ ಕೊಯ್ದ ಲಿಂಬೆಹಣ್ಣಿನ ವಾಸನೆ ಆ ಕೈಗಿತ್ತು.

"ಬೇಡ ಅಣ್ಣ. ಇದೆಲ್ಲ ಬೇಡ" ಎಂದ. "ನಾಳೆ ಬೆಳಿಗ್ಗೆ ಶಟರು ನಾನು ಎತ್ತುತ್ತೇನೆ. ನೀನು ನಡೀಲಿಕ್ಕೆ ಹೋಗು."

ಹೆಗಲ ಮೇಲೆ ಕೈಯಿಟ್ಟು ಕೊಡಬೇಕೆಂದಿದ್ದ ಗಲ್ಲಾದ ಕುರ್ಚಿಯನ್ನು ತಮ್ಮ ಕೇಳದೆ ತೆಗೆದುಕೊಂಡುಬಿಟ್ಟಿದ್ದ, ಅಣ್ಣನನ್ನು ಉಳಿಸಿಕೊಳ್ಳಲು. ಕಾಂತಪ್ಪನ ಕಣ್ಣಿನಿಂದ ನೀರು ಇಳಿದು ಆ ಬೆರಳುಗಳ ಮೇಲೆ ಬಿತ್ತು. ಅಂಗೈಯ ಅಡಿಯಿಂದಲೇ ಅವನು ಏನೋ ಗೊಣಗಿದ.

"ಎಂತ?" ಸದಾನಂದ ಬೆರಳು ಸಡಿಲಿಸಿದ.

"ಶೀರಾಕ್ಕೆ ತುಪ್ಪ ಇಂಗಿದೆಯೋ ನೋಡ್ಬೇಕು ಅಂದೆ."

"ನೋಡ್ತೇನೆ. ಈಗ ನೀನು ಬಾಯಿ ಮುಚ್ಚು."

ಕಾಂತಪ್ಪ ಬಾಯಿ ಮುಚ್ಚಿದ.